ಅಡ್ಡಗಾಳಿ ಮತ್ತು ಅತಿಥಿಗಳಿಗೆ ಉಪಯುಕ್ತ ಮಾಹಿತಿ

ಸ್ಪ್ಲಿಟ್, ವರೋಶ್ ಕೇರಿ
ಆಗಸ್ಟ್ ೨೧, ಮೀನು ಹುರಿದು ಮುಗಿದ ಮೇಲೆ

ಪ್ರೀತಿಯ ಯೆರ್ಕೊ,

ನಿನಗೂ, ನಿನ್ನ ಹಡಗಿನ ಸಮಸ್ತ ಸಿಬ್ಬಂದಿಗೂ, ಈ ಹೊತ್ತಿನಲ್ಲಿ ಸಮುದ್ರದ ಮೇಲೆ ಹಾಜರಿರುವ ಸಕಲ ಜನತೆಗೂ ಹೆಮ್ಮೆಯಿಂದ ಘೋಷಿಸುವುದೇನೆಂದರೆ: ನಮ್ಮ ಮನೆಯಲ್ಲಿ ಅತಿಥಿಗಳಿಗೆ ಬಾಡಿಗೆ ಕೊಡುವ ಹಿಂದಿನ ಕೋಣೆಯ ಕಿಟಕಿ ಮುಚ್ಚಿದೆ. ಸುಮ್ಮನೆ ಮುಚ್ಚಿದ್ದಲ್ಲ. ನಗರದ ಪ್ರವಾಸಿ ಕಚೇರಿಯ ಅಧಿಕಾರಿಯೊಬ್ಬರು ಸ್ವಹಸ್ತದಿಂದ, ಅಗುಳಿ ಸಮೇತ ಮುಚ್ಚಿದ್ದು.

ಇರು, ಮೊದಲು ನಿನ್ನ ಆರೋಗ್ಯ. ಸೊಂಟ ಹೇಗಿದೆ? ಎಂಜಿನ್ ಕೋಣೆಯಲ್ಲಿ ಬೆಂದು ಬೆವರಿ, ಒದ್ದೆ ಅಂಗಿಯಲ್ಲೇ ಮೇಲೆ ಬಂದು ಗಾಳಿಗೆ ನಿಲ್ಲುವ ಆ ಹಾಳು ಅಭ್ಯಾಸ ಬಿಟ್ಟೆಯೋ ಇಲ್ಲವೋ? ನಿನ್ನ ಅಡುಗೆಯವನು ಸೊಪ್ಪು ಬೇಯಿಸುತ್ತಾನೋ, ಅಥವಾ ಇನ್ನೂ ಡಬ್ಬಿಯ ಬಟಾಣಿಯನ್ನೇ ತರಕಾರಿ ಎಂದು ಕರೆಯುತ್ತಿದ್ದಾನೋ? ನನ್ನ ಮೊಣಕಾಲು ಹವಾಮಾನ ವರದಿಗಿಂತ ಒಂದು ದಿನ ಮುಂದಿದೆ, ಮಿಕ್ಕಂತೆ ನಾನು ಕಲ್ಲುಗುಂಡು. ನಿನ್ನ ಹೆಂಡತಿ ವಿಂಕಾ ಚೆನ್ನಾಗಿದ್ದಾಳೆ. ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ತೊಟ್ಟು ನಿಂತು, ಊರಿನ ಅರ್ಧ ಜನಕ್ಕೆ ಮಾತ್ರೆಯನ್ನೂ ಉಳಿದರ್ಧಕ್ಕೆ ಬುದ್ಧಿಯನ್ನೂ ಕೊಡುತ್ತಿದ್ದಾಳೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು "ಚುಟುಕಾಗಿ ಹೇಳಮ್ಮಾ, ಲೈನ್ ಹೋಗುತ್ತೆ" ಅನ್ನುತ್ತೀಯ. ಚುಟುಕಾಗಿ ಹೇಳುವಂಥದ್ದು ನನ್ನ ಬದುಕಿನಲ್ಲಿ ಏನೂ ನಡೆದಿಲ್ಲ. ಅಲ್ಲದೆ ಈಸ್ಟರ್ ಮುಗಿದ ವಾರ ನೀನು ಅದೇ ಫೋನಿನಲ್ಲಿ ಚುಟುಕಾಗಿ ಹೇಳಿದ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. "ನೋಡಮ್ಮಾ, ಹೋದ ವರ್ಷ ಅತಿಥಿಗಳು ನಿನ್ನ ಮೇಲೆ ದೂರು ಕೊಟ್ಟಾಯ್ತು. ಈ ವರ್ಷ ಇನ್ನೊಂದು ದೂರು ಬಂದ್ರೆ, ಸೀಸನ್ ಮುಗೀತಿದ್ದಂಗೆ ನೀನು ಝಾಗ್ರೆಬಿಗೆ, ನೆದಾ ಮನೆಗೆ. ವಿಂಕಾ ಒಬ್ಬಳೇ ಎಷ್ಟೂಂತ ಸಂಭಾಳಿಸ್ತಾಳೆ?" ನಾನು ಆಗ ಏನೂ ಅನ್ನಲಿಲ್ಲ. ನಾನು ಏನೂ ಅನ್ನದೆ ಇದ್ದದ್ದನ್ನು ಕೇಳಿ ನೀನು ಲೈನ್ ಹೋಯಿತೆಂದು ತಿಳಿದು ಇಟ್ಟುಬಿಟ್ಟೆ. ನೆದಾ ನನ್ನ ಮಗಳೇ, ಬಂಗಾರದಂಥವಳು. ಆದರೆ ಅವಳ ಏಳನೇ ಮಹಡಿಯ ಕಿಟಕಿಯಿಂದ ಕಾಣುವುದು ಇನ್ನೊಬ್ಬರ ಏಳನೇ ಮಹಡಿ. ಉಪ್ಪಿನ ವಾಸನೆ ಬೇಕೆಂದರೆ ಡಬ್ಬಿಯ ಮುಚ್ಚಳ ತೆಗೆಯಬೇಕು. ಹುಟ್ಟಿದಂದಿನಿಂದ ಸಮುದ್ರ ನೋಡುತ್ತಾ ಹಲ್ಲುಜ್ಜಿದವಳು ನಾನು. ಅಲ್ಲಿಗೆ ಹೋದರೆ ನನಗೆ ಹಲ್ಲುಜ್ಜುವುದಕ್ಕೂ ಮನಸ್ಸು ಬಾರದು.

ಹಾಗಾಗಿ ಈ ಬೇಸಗೆ ನಾನು ಹಾಲಿಗಿಂತ ಬೆಳ್ಳಗೆ, ನೀರಿಗಿಂತ ತೆಳ್ಳಗೆ ಇರಬೇಕೆಂದು ತೀರ್ಮಾನಿಸಿದೆ. ಅತಿಥಿಗಳಿಗೆ ಬಾಯಲ್ಲಿ ಏನೂ ಹೇಳುವುದಿಲ್ಲ. ಹೇಳಬೇಕಾದದ್ದನ್ನು ಬರೆದೇ ಹೇಳುತ್ತೇನೆ ಎಂದು.

ವಿಂಕಾ ಬಾಡಿಗೆ ಕೋಣೆಯ ಬಾಗಿಲ ಹಿಂದೆ "ಅತಿಥಿಗಳಿಗೆ ಉಪಯುಕ್ತ ಮಾಹಿತಿ" ಅಂತ ಒಂದು ಹಾಳೆ ಅಂಟಿಸಿದ್ದಳಲ್ಲ, ನಿನಗೆ ನೆನಪಿರಬೇಕು. ನಲ್ಲಿ ನೀರು ಕುಡಿಯಲು ಯೋಗ್ಯ, ಕಸ ಬೇರ್ಪಡಿಸಿ, ಬೀಗದ ಕೈ ತುಳಸಿ ಕುಂಡದ ಕೆಳಗೆ. ಇಷ್ಟೇ. ಇದು ಆಸ್ಪತ್ರೆಯ ಚೀಟಿಯೋ, ಒಂದು ಊರಿಗೆ ಬಂದವರನ್ನು ಬರಮಾಡಿಕೊಳ್ಳುವ ಮಾತೋ? ಅದರ ಕೆಳಗೆ ನಾನು ನನ್ನ ಅಕ್ಷರದಲ್ಲಿ ಸ್ವಲ್ಪ ಸೇರಿಸಿದೆ. ಕಾಫಿಯನ್ನು ಕಾಗದದ ಲೋಟದಲ್ಲಿ ಹಿಡಿದು ಬೀದಿಯಲ್ಲಿ ನಡೆಯಬೇಡಿ, ಆ ಅವಸರ ಕಂಡು ಜನ ನಿಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ. ಕೂತು ಕುಡಿಯಿರಿ, ಕಪ್ಪು ಖಾಲಿಯಾದ ಮೇಲೂ ಕೂತಿರಿ, ಕಾಫಿ ಶುರುವಾಗುವುದೇ ಆಗ. ಮೀನು ಮಾರುಕಟ್ಟೆಗೆ ಒಂಬತ್ತರ ನಂತರ ಹೋಗುವವರು ಮೀನಿಗಲ್ಲ, ಫೋಟೋಕ್ಕೆ ಹೋಗುತ್ತಾರೆ. ಕಡಲತೀರದಲ್ಲಿ ಮೊಣಕಾಲುದ್ದ ನೀರಿನಲ್ಲಿ ಗಂಡಸರು ಸುತ್ತ ನಿಂತು ಸಣ್ಣ ಚೆಂಡೊಂದು ನೀರಿಗೆ ಬೀಳದ ಹಾಗೆ ಬಡಿಯುತ್ತಾ, ಬಿದ್ದು ಹೊರಳಾಡುತ್ತಿದ್ದರೆ ಆಂಬುಲೆನ್ಸ್ ಕರೆಯಬೇಡಿ. ಅದು ನಮ್ಮ ಆಟ. ಯಾರು ಗೆದ್ದರು ಎಂದೂ ಕೇಳಬೇಡಿ, ಅದರಲ್ಲಿ ಯಾರೂ ಗೆಲ್ಲುವುದಿಲ್ಲ, ಆದರೂ ಎಲ್ಲರೂ ಮನೆಗೆ ಬಂದು ಗೆದ್ದೆ ಅನ್ನುತ್ತಾರೆ. ಹೆಣ್ಣುಮಕ್ಕಳು ಬರೀ ಕಲ್ಲಿನ ಮೇಲೆ ಕೂರಬಾರದು, ಥಂಡಿ ಹತ್ತುತ್ತದೆ, ದಿಂಬು ಬಾಗಿಲ ಬಳಿ ಇದೆ. ಎಲ್ಲರ ತಲೆ ಕೆಡಿಸುವ ತೆಂಕಣ ಗಾಳಿ ಬೀಸುವ ದಿನ ಯಾರ ಮೇಲೂ ಸಿಟ್ಟಾಗಬೇಡಿ, ಯಾರಾದರೂ ಸಿಟ್ಟಾದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕೊನೆಗೆ, ದಪ್ಪ ಅಕ್ಷರದಲ್ಲಿ: ಕಿಟಕಿ ಮತ್ತು ಬಾಗಿಲು, ಎರಡನ್ನೂ ಒಟ್ಟಿಗೆ ತೆರೆದಿಡಬೇಡಿ. ಅಡ್ಡಗಾಳಿ ಹೊಡೆಯುತ್ತದೆ.

ವಿಂಕಾ ಓದಿ ಹಣೆ ಚಚ್ಚಿಕೊಂಡಳು. "ಅತ್ತೆ, ಇದು ಮಾಹಿತಿಯೋ ಬೈಗುಳವೋ? ಅಡ್ಡಗಾಳಿಯಿಂದ ಯಾರಿಗೂ ಏನೂ ಆಗಲ್ಲ, ನಾನು ಓದಿದ್ದೀನಿ."

"ಓದಿದ್ದೀ ಸರಿ. ನಿನ್ನ ಮಾವ ಓದಿರ್ಲಿಲ್ಲ, ಅದಕ್ಕೆ ಕತ್ತು ಹಿಡ್ಕೊಂಡು ಹದಿನೈದು ದಿನ ಸೂರ್ಯಕಾಂತಿ ಹೂವಿನ ಹಾಗೆ ಒಂದೇ ಕಡೆ ನೋಡ್ತಿದ್ರು."

"ಅದು ಅಡ್ಡಗಾಳಿ ಅಲ್ಲ ಅತ್ತೆ, ಅದು ಪಿಂಗಾಣಿ ಸಿಂಕು ಒಬ್ರೇ ಎತ್ತಿದ್ದಕ್ಕೆ."

"ಸಿಂಕು ಎತ್ತುವಾಗ ಬಾಗಿಲು ತೆರೆದಿತ್ತು," ಅಂದೆ. ಬೇಕಾದರೆ ನೀನೇ ತೀರ್ಪು ಕೊಡು. ಗೊಣಗುತ್ತಲೇ ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿ ಅಂಟಿಸಿದಳು ಪಾಪ. ಎಷ್ಟು ಬೈದರೂ ಕೆಲಸ ಅಚ್ಚುಕಟ್ಟು.

ಜರ್ಮನಿಯವರು ಬಂದರು, ಓದಿದರು, ನಕ್ಕರು, ಕಿಟಕಿ ಮುಚ್ಚಿದರು. ಪೋಲೆಂಡಿನವರು ನಗಲೂ ಇಲ್ಲ, ಅವರಿಗೆ ಅವರದೇ ಅಡ್ಡಗಾಳಿ ಇದೆಯಂತೆ. ಹೀಗೆ ಜುಲೈ ಸುಖವಾಗಿ ಕಳೆಯಿತು. ಆಗಸ್ಟಿನಲ್ಲಿ ಫಿನ್ಲೆಂಡಿನಿಂದ ಆಂಟೆರೊ, ಪಿರ್ಯೊ ಎಂಬ ಗಂಡ ಹೆಂಡತಿ ಬಂದರು. ಅವನು ನಿವೃತ್ತ ಸೇತುವೆ ಎಂಜಿನಿಯರು, ಕಂಬದಷ್ಟು ಎತ್ತರ. ಅವಳು ಹಿಟ್ಟಿನಷ್ಟು ಬಿಳುಪು, ನಗುಮೊಗದವಳು. ಒಳ್ಳೆಯ ಜನ. ಚಪ್ಪಲಿ ಹೊರಗೆ ಬಿಡುತ್ತಾರೆ, ಬೆಳಗಿನ ವಂದನೆಯನ್ನು ನಮ್ಮ ಭಾಷೆಯಲ್ಲಿ ಕಲಿತು ಸಂಜೆಯೂ ಹೇಳುತ್ತಾರೆ. ಆದರೆ ಕೋಣೆಗೆ ಕಾಲಿಟ್ಟ ಗಳಿಗೆಯಿಂದ ಆ ಮನುಷ್ಯ ಕಿಟಕಿಯನ್ನೂ ಬಾಗಿಲನ್ನೂ ಎದುರುಬದುರು ಹಾರು ಹೊಡೆದು, ಆ ಎರಡರ ಮಧ್ಯೆ ಮಂಚ ಎಳೆದುಕೊಂಡು, ತಲೆ ಒದ್ದೆ ಇರುವಾಗಲೇ ಮಲಗಿದ! ಯೆರ್ಕೊ, ನಾನು ಅಂಗಳದಿಂದ ಅದನ್ನು ಕಂಡೆ. ಬೆನ್ನಲ್ಲಿ ಚಳಿ ಹೊಕ್ಕಿತು, ನನ್ನ ಬೆನ್ನಲ್ಲಿ.

ನಾನು ನಮ್ಮ ಭಾಷೆಯಲ್ಲೇ ಹೇಳಿದೆ, ಜೋರಾಗಿ. ಜೋರಾಗಿ ಹೇಳಿದರೆ ಎಲ್ಲ ದೇಶದವರಿಗೂ ಅರ್ಥವಾಗುತ್ತದೆ. "ಅಪ್ಪಾ, ಸತ್ತು ಹೋಗ್ತೀಯಾ!" ಅವನು ಸಂತೋಷದಿಂದ ಬೆಳಗಿನ ವಂದನೆ ಹೇಳಿದ. ಆಮೇಲೆ ಅವರು ಈಜಲು ಹೋದರು. ನಾನು ಬಾಗಿಲು ಬಡಿದೆ. ಯಾರೂ ಇಲ್ಲದ ಕೋಣೆಯ ಬಾಗಿಲನ್ನೂ ಬಡಿಯುವ ಸಂಸ್ಕಾರ ನನ್ನದು. ಒಳಗೆ ಹೋಗಿ ಕಿಟಕಿ ಮುಚ್ಚಿ ಬಂದೆ. ಬೇರೆ ಒಂದು ಸಾಮಾನೂ ಮುಟ್ಟಲಿಲ್ಲ, ಪಿರ್ಯೊಳ ಒದ್ದೆ ಟವೆಲು ಒಂದನ್ನು ಬಿಟ್ಟು. ಸಂಜೆ ಬಂದು ಅವನು ತೆರೆದ. ಮರುದಿನ ನಾನು ಮುಚ್ಚಿದೆ. ಅವನು ತೆರೆದ. ಮಾತಿಲ್ಲ ಕತೆಯಿಲ್ಲ, ಎರಡು ದೇಶಗಳ ನಡುವೆ ಇಂಥ ಸಭ್ಯ ಯುದ್ಧ ಇನ್ನೊಂದು ನಡೆದಿರಲಾರದು. ಎದುರಾದಾಗ ಇಬ್ಬರೂ ತಲೆಬಾಗಿ ನಗುತ್ತಿದ್ದೆವು. ನಾನು ಅಂಜೂರ ಕೊಡುತ್ತಿದ್ದೆ, ಅವನು ಕಪ್ಪು ಬಣ್ಣದ, ಉಪ್ಪುಪ್ಪಾದ ಏನೋ ಮಿಠಾಯಿ ಕೊಡುತ್ತಿದ್ದ. ಅದನ್ನು ಕುಂಡದಲ್ಲಿ ಹೂಳಿದ್ದೇನೆ. ತುಳಸಿ ಚಿಗುರಿದೆ, ಮಿಠಾಯಿ ಹಾಗೇ ಇದೆ.

ಕಳೆದ ಸೋಮವಾರ ಸಂಜೆ ವಿಂಕಾ ಫೋನು ನೋಡಿ ಬಿಳುಚಿಕೊಂಡಳು. ದೂರು! ನಮಗಲ್ಲ, ನೇರ ಪ್ರವಾಸಿ ಕಚೇರಿಗೆ. ಕಚೇರಿಯವರು ಅದನ್ನು ಅವಳಿಗೆ ಕಳಿಸಿದ್ದರು. ಆಂಟೆರೊ ತುಂಬ ಮರ್ಯಾದೆಯಾಗಿ ಬರೆದಿದ್ದ: ಮನೆ ಸುಂದರ, ಅಂಜೂರ ಅತ್ಯುತ್ತಮ, ಆದರೆ ಇವತ್ತು ಮಧ್ಯಾಹ್ನವೂ ನಾವಿಲ್ಲದಾಗ ಯಾರೋ ಒಳಗೆ ಬಂದು ಕಿಟಕಿ ಮುಚ್ಚಿದ್ದಾರೆ, ದಯವಿಟ್ಟು ಗಮನಿಸಿ ಎಂದು.

ಈಗ ಕೇಳು. ಸೋಮವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರಲಿಲ್ಲ! ಪಕ್ಕದ ಮನೆಯ ಫಿಲಾಳ ಗಂಡನ ವರ್ಷದ ಪ್ರಾರ್ಥನೆಗೆ ಚರ್ಚಿಗೆ ಹೋದವಳು, ಊಟ ಮುಗಿಸಿ, ಸತ್ತವನನ್ನು ಹೊಗಳಿ, ಬದುಕಿದ್ದಾಗ ಹೇಗಿದ್ದ ಎಂದು ನೆನೆದು ಮತ್ತೆ ತೆಗಳಿ, ಬಿಸಿಲಿಳಿದ ಮೇಲೆ ಬಂದಿದ್ದೆ. "ನಾನು ಮುಚ್ಚಿಲ್ಲ," ಅಂದೆ. ವಿಂಕಾ ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು. ನಂಬಲಿಲ್ಲ ಎಂದುಕೊಂಡೆ. ನಿಜ ಹೇಳಲೇ? ನನಗೇ ನಂಬಿಕೆ ಬರಲಿಲ್ಲ. ಇಷ್ಟು ವರ್ಷ ಮುಚ್ಚಿದ ಕೈ, ನನ್ನನ್ನು ಕೇಳದೆ ತಾನೇ ಹೋಗಿ ಮುಚ್ಚಿ ಬಂದಿರಬಹುದು ಅಂತ ಒಂದು ಗಳಿಗೆ ಅನುಮಾನ ಬಂತು. ಬುಧವಾರ ಅಧಿಕಾರಿ ಬರುತ್ತಾರಂತೆ, ತನಿಖೆಗೆ. ನಾನು ಅಲಮಾರಿಯ ಮೇಲಿಂದ ಸೂಟ್‌ಕೇಸು ಇಳಿಸಿ ಧೂಳು ಒರೆಸಿದೆ. ವಿಂಕಾ ಅದನ್ನು ನೋಡಿದಳು, ಹೋಗಿ ಬೇಯುತ್ತಿದ್ದ ಆಲೂಗಡ್ಡೆಗೆ ಎರಡನೇ ಸಲ ಉಪ್ಪು ಹಾಕಿದಳು.

ಬುಧವಾರ ಬೆಳಗ್ಗೆ ನಿನ್ನ ಹೆಂಡತಿ ಅಧಿಕಾರಿಯ ಕಣ್ಣಿಗೆ ಮನೆ ಹಸನಾಗಿ ಕಾಣಲೆಂದು ಇದ್ದಬದ್ದ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟಳು. ಮನೆ ಜರಡಿಯಾಯಿತು. ಪರದೆಗಳು ನೌಕೆಯ ಹಾಯಿಯ ಹಾಗೆ ಉಬ್ಬಿದವು. ನಾನು ಎರಡು ಶಾಲು ಹೊದ್ದು, ಗೋಡೆಯ ಮೂಲೆಯಲ್ಲಿ ನಿಂತು ನನ್ನ ಅವಸಾನಕ್ಕೆ ಕಾದೆ. ಬಂದವರು ಊರೆಲ್ಲ ಮರ್ಯಾದೆಗೆ ಶ್ಯೋರ್ ಸೇರಿಸಿ ಶ್ಯೋರ್ ಡಿನ್ಕೊ ಎನ್ನುವ ದುಂಡನೆಯ ಮನುಷ್ಯ, ಕಂಕುಳಲ್ಲಿ ಕಡತ, ಮುಖದಲ್ಲಿ ಸರಕಾರ. ಫಿನ್ಲೆಂಡಿನ ದಂಪತಿಗಳೂ ಕೂತರು. ವಿಂಕಾ ಅಧಿಕಾರಿಗೆ ಒಳ್ಳೆಯ ಕುರ್ಚಿ ಕೊಟ್ಟಳು. ಆ ಒಳ್ಳೆಯ ಕುರ್ಚಿ ಇದ್ದದ್ದು ಹಿಂದಿನ ಕಿಟಕಿಗೂ ಮುಂಬಾಗಿಲಿಗೂ ನಟ್ಟನಡುವೆ.

"ದೂರಿನ ಸಾರಾಂಶ," ಎಂದು ಶುರು ಮಾಡಿದರು. ಕೈ ಕತ್ತಿನ ಹಿಂದಕ್ಕೆ ಹೋಯಿತು. "ಮನೆಯ ಹಿರಿಯ ಸದಸ್ಯರು..." ಕುರ್ಚಿಯನ್ನು ಒಂದಿಷ್ಟು ಸರಿಸಿದರು. ಗಾಳಿ ಜೊತೆಯಲ್ಲೇ ಸರಿಯಿತು. "ಅತಿಥಿಗಳ ಅನುಮತಿ ಇಲ್ಲದೆ..." ಕೋಟಿನ ಕಾಲರು ಎತ್ತಿದರು. ಆಮೇಲೆ ತಡೆಯಲಾಗಲಿಲ್ಲ. "ಅಲ್ರೀ, ಕ್ಷಮಿಸಿ, ಇದೇನ್ರೀ ಇದು? ಮನುಷ್ಯರು ಕೂರೋ ಜಾಗವಾ? ಎರಡೂ ಕಡೆ ತೆರೆದಿಟ್ಟಿದ್ದೀರಲ್ಲ, ಅಡ್ಡಗಾಳಿ ಹೊಡೀತಿದೆ!" ಎದ್ದವರೇ ದಾಪುಗಾಲು ಹಾಕಿ ಹಿಂದಿನ ಕೋಣೆಗೆ ಹೋಗಿ ಕಿಟಕಿ ದಡಾರನೆ ಮುಚ್ಚಿ, ಅಗುಳಿ ಹಾಕಿ, ಕೈ ಒರೆಸಿಕೊಂಡು ಬಂದರು. "ನಮ್ಮಮ್ಮ ನೋಡಿದ್ರೆ ನನ್ನ ಕಿವಿ ಕಿತ್ತು ಕೈಗೆ ಕೊಡ್ತಿದ್ರು."

ಕಿಟಕಿ ಮುಚ್ಚಿದ ಆರೋಪದ ತನಿಖೆಗೆ ಬಂದವರು ಕಿಟಕಿ ಮುಚ್ಚಿ ನಿಂತಿದ್ದರು. ನಾನು ಒಂದು ಶಾಲು ತೆಗೆದೆ. ಒಂದೇ. ವಿಜಯದಲ್ಲೂ ಮಿತಿ ಇರಬೇಕು.

ಆಂಟೆರೊ ವಿಂಕಾಳ ಮೂಲಕ ಕೇಳಿದ, ಈ ಅಡ್ಡಗಾಳಿ ಎಂದರೆ ಏನು, ಅದು ಏನು ಮಾಡುತ್ತದೆ ಎಂದು. ಶ್ಯೋರ್ ಡಿನ್ಕೊ ಸರಕಾರದ ಪರವಾಗಿ ವಿವರಿಸಿದರು: ಕತ್ತು, ಕಿವಿ, ಸೊಂಟ, ಹಲ್ಲು, ಕೆಲವು ಸಲ ಮದುವೆ. ಆಂಟೆರೊ ಗಂಭೀರವಾಗಿ ಕೇಳಿಸಿಕೊಂಡು ಹೇಳಿದ: ಅವನು ಚಳಿಗಾಲದಲ್ಲಿ ಬಿಸಿ ಹಬೆಯ ಕೋಣೆಯಿಂದ ನೇರ ಹಿಮ ಒಡೆದ ಕೆರೆಗೆ ಹಾರುತ್ತಾನಂತೆ, ಹುಟ್ಟಿದ ಮೇಲೆ ಒಮ್ಮೆಯೂ ನೆಗಡಿ ಆಗಿಲ್ಲವಂತೆ. ನಾವು ಮೂವರೂ, ನಾನು, ವಿಂಕಾ, ಅಧಿಕಾರಿ, ಅವನನ್ನು ಕನಿಕರದಿಂದ ನೋಡಿದೆವು. "ಇನ್ನೂ ಟೈಮಿದೆ ಬಿಡಿ," ಅಂದರು ಶ್ಯೋರ್ ಡಿನ್ಕೊ.

ಆದರೆ ಅವರು ಹೇಗಾದರೂ ಅಧಿಕಾರಿ. ಕಡತ ತೆರೆದು ನನ್ನ ಕಡೆ ತಿರುಗಿದರು. "ಗಾಳಿ ವಿಷಯ ಬೇರೆ, ಶ್ಯೋರ ಪೆರಿನಾ. ಅತಿಥಿ ಇಲ್ಲದಾಗ ಕೋಣೆಗೆ ಹೋಗೋದು ಬೇರೆ. ಅದು ತಪ್ಪೇ. ಸೋಮವಾರ ಮಧ್ಯಾಹ್ನ ಒಳಗೆ ಹೋದದ್ದು ನೀವೇ ತಾನೆ? ಹೌದು ಅಂದ್ರೆ ನಿಮ್ಮ ಹೆಸರಲ್ಲಿ ಬರ್ಕೋಬೇಕಾಗುತ್ತೆ."

ಯೆರ್ಕೊ, ಅಲ್ಲ ಎಂದರೆ ಯಾರು ನಂಬುತ್ತಾರೆ? ಚರ್ಚಿನಲ್ಲಿದ್ದೆ ಎಂದರೆ ಮುದುಕಿ ದೇವರನ್ನೇ ಸಾಕ್ಷಿಗೆ ಎಳೆದಳು ಅನ್ನುತ್ತಾರೆ. ಏಳನೇ ಮಹಡಿ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ವಿಂಕಾ ಎದ್ದು ನಿಂತಳು, ಶಾಲೆಯಲ್ಲಿ ಹೆಸರು ಕರೆದ ಹಾಗೆ.

"ನಾನು," ಅಂದಳು.

"ನೀವು ಏನು?"

"ಮುಚ್ಚಿದ್ದು ನಾನು. ಊಟಕ್ಕೆ ಬಂದಿದ್ದೆ. ಅಂಗಳದಿಂದ ನೋಡಿದೆ, ಎರಡೂ ತೆರೆದಿತ್ತು. ಮಂಚ ಮಧ್ಯದಲ್ಲಿತ್ತು." ಮುಖ ಟೊಮೆಟೊ ಆಗಿತ್ತು. "ಸೋಮವಾರ ಮಾತ್ರ ಅಲ್ಲ. ಅತ್ತೆ ಮಾರುಕಟ್ಟೆಗೆ ಹೋದಾಗೆಲ್ಲ ನಾನೇ... ನಂಗೊತ್ತು ಅದರಿಂದ ಏನೂ ಆಗಲ್ಲ ಅಂತ. ಔಷಧಿ ಅಂಗಡೀಲಿ ದಿನಾ ಜನಕ್ಕೆ ಅದನ್ನೇ ಹೇಳ್ತೀನಿ. ಏನೂ ಆಗಲ್ಲ. ಆದ್ರೂ ಹೇಗ್ರೀ ನೋಡ್ಕೊಂಡಿರೋದು?"

ನಾನು ಅಂದದ್ದು ಇಷ್ಟೇ: "ಬಿಳಿ ಕೋಟು ಹಾಕ್ಕೊಂಡೇ ಮುಚ್ಚಿದ್ಯಾ, ತೆಗೆದಿಟ್ಟು ಮುಚ್ಚಿದ್ಯಾ?"

"ಅತ್ತೆ, ಈಗ ಬೇಡ."

"ಸೋಮವಾರ ನೆಲ ಯಾಕೆ ನೋಡಿದೆ ಅಂತ ಈಗ ಗೊತ್ತಾಯ್ತು. ಮೊದಲೇ ಹೇಳೋಕೇನಾಗಿತ್ತು, ಮಾರಾಯ್ತಿ?"

"ಹೇಳಿದ್ರೆ ಸಾಯೋವರೆಗೂ ಆಡ್ಕೊಳ್ತೀರ ಅಂತ."

ಅದು ನಿಜ. ಆಡಿಕೊಳ್ಳುತ್ತೇನೆ. ಈ ಪತ್ರದಿಂದಲೇ ಶುರು ಮಾಡಿದ್ದೇನೆ.

ಶ್ಯೋರ್ ಡಿನ್ಕೊ ಪೆನ್ನು ಹಿಡಿದು ಯೋಚಿಸಿದರು. ಆಮೇಲೆ ದೂರಿನ ತಾರೀಖು ನೋಡಿ ಮುಖ ಅರಳಿಸಿದರು. "ಸೋಮವಾರ! ಅವತ್ತು ತೆಂಕಣ ಗಾಳಿ ಬೀಸ್ತಿತ್ತಲ್ವಾ? ನಮ್ಮ ಮನೇಲಿ ಎರಡು ತಟ್ಟೆ ಒಡೆದು ಹೋದ್ವು, ಒಂದು ನಂದೇ. ಆ ಗಾಳೀಲಿ ಬರೆದ ಕಾಗದಕ್ಕೆಲ್ಲ ಬೆಲೆ ಕೊಡ್ತಾ ಕೂತ್ರೆ ಈ ಊರಲ್ಲಿ ಒಂದು ಸಂಸಾರವೂ ಉಳಿಯಲ್ಲ." ವಿಂಕಾ ಇದನ್ನೆಲ್ಲ ಅನುವಾದಿಸಿ ಹೇಳಿದಾಗ ಪಿರ್ಯೊ ಮೊದಲ ಸಲ ಗಟ್ಟಿಯಾಗಿ ನಕ್ಕಳು. ಏನೋ ಒಂದು ಮಾತು ಗಂಡನ ಕಿವಿಯಲ್ಲಿ ಹೇಳಿದಳು. ವಿಂಕಾ ಕೇಳಿದ್ದಕ್ಕೆ ತಿಳಿಯಿತು: ಅವಳಿಗೂ ಮೂವತ್ತು ವರ್ಷದಿಂದ ಗಂಡ ತೆರೆದಿಡುವ ಕಿಟಕಿಯಿಂದ ಚಳಿ ಎನಿಸುತ್ತಿತ್ತಂತೆ, ಯಾವ ದೇಶಕ್ಕೆ ಹೋದರೂ. ಹೇಳಿರಲಿಲ್ಲವಂತೆ. ಆಂಟೆರೊ ತನ್ನ ಹೆಂಡತಿಯನ್ನು ಸೇತುವೆ ಕುಸಿದದ್ದನ್ನು ನೋಡುವ ಹಾಗೆ ನೋಡಿದ.

ಒಪ್ಪಂದವಾಯಿತು. ಅತಿಥಿ ಒಳಗಿರುವಷ್ಟು ಹೊತ್ತು ಕಿಟಕಿ ಅತಿಥಿಯದು. ಹೊರಗೆ ಹೋಗುವಾಗ ಅವರೇ ಮುಚ್ಚಿ ಹೋಗುವುದು, ನಾವ್ಯಾರೂ ಒಳಗೆ ಕಾಲಿಡುವುದಿಲ್ಲ. ಶ್ಯೋರ್ ಡಿನ್ಕೊ ಇದನ್ನು ಬಾಗಿಲ ಹಿಂದಿನ ಹಾಳೆಯಲ್ಲಿ ತಮ್ಮ ಕೈಯಲ್ಲೇ ಬರೆದರು. ಬರೆಯಲು ಹೋದವರು ಮೇಲಿನದ್ದನ್ನೂ ಓದಿದರು, ಮೊದಲಿನಿಂದ ಕೊನೆಯವರೆಗೆ, ಕನ್ನಡಕ ಏರಿಸಿ. ನಾನು ಕೈ ಕಟ್ಟಿ ನಿಂತೆ. "ಶ್ಯೋರ ಪೆರಿನಾ, ಕಾಫಿ ವಿಷಯ ಸರಿಯಾಗಿ ಬರೆದಿದ್ದೀರಿ. ಆದ್ರೆ ದೋಣಿ ವಿಷಯ ಯಾಕೆ ಬಿಟ್ರಿ? ದ್ವೀಪಕ್ಕೆ ಹೋಗೋ ದೋಣಿ ಹತ್ತಿದ ತಕ್ಷಣ ಜನ ಎಡಗಡೆ ಓಡ್ತಾರೆ, ಬಿಸಿಲು ಪೂರ್ತಿ ಅಲ್ಲೇ ಬಡಿಯೋದು." ನಾನು ಸೇರಿಸಿದೆ. ಅವರ ಅಮ್ಮನೂ ಕೋಣೆ ಬಾಡಿಗೆಗೆ ಕೊಡುತ್ತಾರಂತೆ. ಹಾಳೆಯ ಫೋಟೋ ತೆಗೆದುಕೊಂಡು ಹೋದರು. ಮೀನು ಮಾರುಕಟ್ಟೆಯ ಆಚೆ ಬದಿಯ ಬಾಗಿಲುಗಳ ಹಿಂದೆಯೂ ಇನ್ನು ನನ್ನ ವಾಕ್ಯಗಳೇ. ಗ್ರಂಥಕರ್ತೆ ಎಂದು ಹೇಳಿಕೊಳ್ಳುವುದಿಲ್ಲ, ಆದರೆ ಯಾರಾದರೂ ಹೇಳಿದರೆ ತಡೆಯುವುದೂ ಇಲ್ಲ.

ಫಿನ್ಲೆಂಡಿನವರು ಇವತ್ತು ಬೆಳಗ್ಗೆ ಹೊರಟರು. ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಪಿರ್ಯೊ ನನ್ನನ್ನು ತಬ್ಬಿಕೊಂಡಳು, ಕಲ್ಲಿನ ಮೇಲೆ ಹಾಕಿ ಕೂರುವ ದಿಂಬನ್ನು ಕೇಳಿ ತೆಗೆದುಕೊಂಡಳು. ಆಂಟೆರೊ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದು ಓಣಿಯ ತಿರುವಿಗೆ ಹೋದ. ಅಲ್ಲಿಂದ, ಯೆರ್ಕೊ, ನನ್ನ ಈ ಎರಡು ಕಿವಿಯಾರೆ ಕೇಳಿದೆ, ಒಂದು ಸೀನು ಬಂತು. ವಿಂಕಾ ಅದು ಧೂಳು ಅನ್ನುತ್ತಾಳೆ. ಅನ್ನಲಿ. ಅನ್ನುವಾಗ ಶಾಲನ್ನು ಸರಿಯಾಗಿ ಹೊದ್ದುಕೊಂಡಳು.

ಈಗ ನಿನ್ನ ಷರತ್ತಿಗೆ ಬರೋಣ. ಇನ್ನೊಂದು ದೂರು ಬಂದರೆ ಅಂದಿದ್ದೆ. ಬಂತು. ಆದರೆ ಅದು ನಿನ್ನ ಹೆಂಡತಿಯ ಮೇಲೆ ಬಂತು. ನ್ಯಾಯವಾಗಿ ನೋಡಿದರೆ ಝಾಗ್ರೆಬಿಗೆ ಹೋಗಬೇಕಾದವಳು ಅವಳು. ಹಾಗಂತ ಅಧಿಕಾರಿ ಹೋದ ಮೇಲೆ ಅವಳಿಗೂ ಹೇಳಿದೆ. ಅವಳು ನನ್ನ ಸೂಟ್‌ಕೇಸು ಎತ್ತಿ ಅಲಮಾರಿಯ ಮೇಲೆ ಇಡುತ್ತಾ, ಬೆನ್ನು ತಿರುಗಿಸಿಯೇ ಅಂದಳು, "ನಾನು ಯೆರ್ಕೊಗೆ ಯಾವತ್ತೂ ನಿಮ್ಮನ್ನ ಕಳಿಸು ಅಂದಿಲ್ಲ. ಅವನು ಎಂಟು ತಿಂಗಳು ಸಮುದ್ರದ ಮೇಲೆ. ನೀವೂ ಹೋದ್ರೆ ನಾನು ಈ ಮನೇಲಿ ಜಗಳ ಯಾರ ಹತ್ರ ಆಡಲಿ, ಗೋಡೆ ಹತ್ರವಾ?" ನಾನು ಸೊಪ್ಪಿಗೆ ಬೆಳ್ಳುಳ್ಳಿ ಸಾಲದು ಅಂದೆ. ಅವಳು ಸಾಕು ಅಂದಳು. ಸುಖವಾಗಿ ಒಂದು ಗಂಟೆ ಜಗಳವಾಡಿದೆವು.

ನಿನ್ನ ಹಡಗಿಗೆ ತಣ್ಣನೆಯ ಕಡಲೂ ನಿನ್ನ ಎಂಜಿನ್ನಿಗೆ ಒಳ್ಳೆಯ ಬುದ್ಧಿಯೂ ಇರಲಿ. ಊರ ಕಾಯುವ ಸಂತ ನಿನ್ನ ಬೆನ್ನಿಗಿರಲಿ, ಸೊಂಟದ ಕಡೆಯೂ ಸ್ವಲ್ಪ ಗಮನ ಕೊಡಲಿ. ಫಿಲಾ ಕೇಳಿದಳೆಂದು ಹೇಳಲು ಹೇಳಿದಳು. ವಿಂಕಾ ತಾನೇ ಬೇರೆ ಬರೆಯುತ್ತಾಳಂತೆ. ಅವಳ ಪಾಠದಲ್ಲಿ ಕಿಟಕಿಯ ಪ್ರಸಂಗ ಬೇರೆ ಥರ ಇದ್ದರೆ ನಂಬಬೇಡ.

ಇಂತು ನಿನ್ನ, ಇದ್ದಲ್ಲೇ ಇರುವ,
ಅಮ್ಮ
ಪೆರಿನಾ

ಮರೆತಿದ್ದೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ: ನೆದಾ ಆಗಲೇ ನನಗಾಗಿ ಚಿಕ್ಕ ಕೋಣೆ ಖಾಲಿ ಮಾಡಿದ್ದಾಳೆ. ತನ್ನ ಹೊಲಿಗೆ ಯಂತ್ರವನ್ನು ನಡುಮನೆಯ ಕತ್ತಲಿಗೆ ಎಳೆದಿಟ್ಟು, ಪರದೆಗೆ ಯಾವ ಬಣ್ಣ ಬೇಕಮ್ಮಾ ಎಂದು ಎರಡು ಸಲ ಫೋನ್ ಮಾಡಿದಳು. ಬರುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ, ನೀಲಿ ಅಂದುಬಿಟ್ಟೆ. ನಾನು ಬರುತ್ತಿಲ್ಲವೆಂದು ನೀನೇ ಹೇಳಪ್ಪಾ. ಭಾನುವಾರ ಊಟವಾದ ಮೇಲೆ ಫೋನ್ ಮಾಡು, ಆಗ ಅವಳ ಮನಸ್ಸು ಮೆತ್ತಗಿರುತ್ತದೆ. ಯಂತ್ರವನ್ನು ಮತ್ತೆ ಬೆಳಕಿಗೆ ಇಟ್ಟುಕೊಳ್ಳಲಿ ಅನ್ನು. ಆದರೆ ಭಾರ ಇದೆ, ಒಬ್ಬಳೇ ಎತ್ತಬಾರದು, ಗಂಡ ಕೆಲಸದಿಂದ ಬರುವವರೆಗೆ ಕಾಯಲಿ.